ಬುಟ್ಟಿಯ ಮೇಲಿಟ್ಟ ಹಣ್ಣು

ಸೂಲೂರಿನಲ್ಲಿ ನಮ್ಮ ಪಕ್ಕದ ಮನೆಯ ನೇಕಾರರು ಮಾರಲೆಂದು ತಮ್ಮ ಹಿತ್ತಲಲ್ಲಿ ಕಿತ್ತ ನಿಂಬೆಹಣ್ಣಿಗೆ ಬೂಷ್ಟು ಬಾರದಂತೆ ಲೋಳೆಸರದ ರಸ ಸವರುತ್ತಿದ್ದರು. ನಾನು ಕೈಜೋಡಿಸಿದರೆ, "ತೆಳ್ಳಗೆ ಅಮ್ಮಣಿ, ನೂಲಿಗೆ ಗಂಜಿ ಹಚ್ದಂಗೆ" ಎನ್ನುತ್ತಿದ್ದರು.

ಒಮ್ಮೆ ಅಡುಗೆ ಗುತ್ತಿಗೆಯವರೊಬ್ಬರು ಮದುವೆಯ ಉಪ್ಪಿನಕಾಯಿಗೆಂದು ಇಡೀ ಬುಟ್ಟಿಯನ್ನೇ ಕೊಳ್ಳಲು ಬಂದರು. "ನಿಮ್ಮ ಹಣ್ಣು ಕೆಡೋದೇ ಇಲ್ವಂತೆ, ಅಣ್ಣಾ?" ಎಂದರು. ನೇಕಾರರು ತಳದಲ್ಲಿ ಕೈಯಾಡಿಸಿ, ಹಸಿರು ಬೂಷ್ಟು ಹಿಡಿದ ಒಂದು ಹಣ್ಣನ್ನು ಹುಡುಕಿ ತೆಗೆದು ಎಲ್ಲಕ್ಕಿಂತ ಮೇಲಿಟ್ಟರು. ಅವರ ಹೆಂಡತಿ ಹಣೆ ಚಚ್ಚಿಕೊಂಡರು.

"ಇದಕ್ಕೂ ಸವರಿದ್ದೆ," ಎಂದರು ನೇಕಾರರು. "ಸೀರೆ ಮಾರುವಾಗ್ಲೂ ನೂಲು ಹರ್ದಿರೋ ಜಾಗಾನೇ ನಾವು ಮೊದ್ಲು ಬಿಚ್ಚಿ ತೋರ್ಸೋದು."

ಬಂದವರು ನಕ್ಕು, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಂಡರು.

ಈಗ ಉಕ್ಕಡಂ ಮಾರುಕಟ್ಟೆಯಲ್ಲಿ ಮೇಲೆಲ್ಲ ಹೊಳೆಯುವ ಬುಟ್ಟಿ ಕಂಡರೆ, ನನ್ನ ಕೈ ತಾನಾಗಿಯೇ ತಳಕ್ಕೆ ಹೋಗುತ್ತದೆ.