ಖಾಲಿ ಹೋಗದ ತಟ್ಟೆ

ಕ್ರಾಕೋವ್ ನಗರದಲ್ಲಿ ಸೆಹೆರ್‌ಗೆ ಸಿಕ್ಕಿದ್ದು ಎರಡೇ ರಾತ್ರಿಯ ಸೂರು. ವೀಸಾ ಒಂದು ತಿಂಗಳು ತಡವಾಗಿ, ತುರ್ಕಿಯ ಆಂತೆಪ್‌ನಿಂದ ಅವಳು ಓದಲೆಂದು ಬಂದು ಇಳಿಯುವ ಹೊತ್ತಿಗೆ ಹಾಸ್ಟೆಲಿನ ಹಾಸಿಗೆ ಬೇರೆ ಯಾರದೋ ಪಾಲಾಗಿತ್ತು. ಹಾಸ್ಟೆಲ್ ಕಚೇರಿಯ ಹೆಂಗಸೊಬ್ಬಳು ಅಯ್ಯೋ ಪಾಪ ಎಂದು ಹತ್ತು ಕಡೆ ಫೋನು ಮಾಡಿ, ಕೊನೆಗೆ ಪಾನಿ ಯಾನಿನಾ ಅವರ ಮಹಡಿಯ ಕೋಣೆ ಹಿಡಿದುಕೊಟ್ಟಳು. ಪಾನಿ ಎಂದರೆ ನಮ್ಮ ಅಮ್ಮಾವ್ರು ಎಂದ ಹಾಗೆ. ಈ ಅಮ್ಮಾವ್ರಿಗೆ ಎಪ್ಪತ್ತು ದಾಟಿತ್ತು, ಗಂಡ ತೀರಿಹೋಗಿದ್ದ, ಮುಖದ ಮೇಲೆ ನಗು ಸುಲಭಕ್ಕೆ ಬರುತ್ತಿರಲಿಲ್ಲ.

"ನಾಳೆ ಹಬ್ಬ, ನಾಳೆ ಓಡ್ಸೋಕಾಗಲ್ಲ," ಎಂದರು ಬಾಗಿಲಲ್ಲೇ ನಿಂತು. "ನಾಡಿದ್ದು ಬೆಳಿಗ್ಗೆ ಖಾಲಿ ಮಾಡು. ನಾನು ಬಾಡಿಗೆಗೆ ಕೊಡೋದು ಬಿಟ್ಟು ನಾಲ್ಕು ವರ್ಷ ಆಯ್ತು. ಬರ್ತಾರೆ, ಹಚ್ಕೊಳ್ತಾರೆ, ಹೊರಟುಹೋಗ್ತಾರೆ. ನಂಗೆ ಸಾಕಾಗಿದೆ."

ಆರು ತಿಂಗಳು ಪುಸ್ತಕ ನೋಡಿ ಕಲಿತ ಪೋಲಿಷ್ ಭಾಷೆಯಲ್ಲಿ ಸೆಹೆರ್ "ತಮಗೆ ಅನಂತ ಧನ್ಯವಾದಗಳು" ಎಂದಳು. ಅವರು ಹುಬ್ಬು ಗಂಟಿಕ್ಕಿ ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಎದ್ದು ನೋಡಿದರೆ ಕೋಣೆಯ ಹೊಸ್ತಿಲಲ್ಲಿ ನೀಲಿ ಅಂಚಿನ ತಟ್ಟೆ, ಅದರ ತುಂಬ ಸೇಬಿನ ಕೇಕು. ಯಾನಿನಾ ಆಗಲೇ ಚರ್ಚಿಗೆ ಹೋಗಿಯಾಗಿತ್ತು. ಸೆಹೆರ್ ನಿಂತಲ್ಲೇ ಚೂರೂ ಬಿಡದೆ ತಿಂದಳು. ಆಮೇಲೆ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಊರು ಹೇಗಿದೆ, ಚಳಿ ಎಷ್ಟಿದೆ ಎಂದು ಕೇಳುವ ಜಾಯಮಾನದವಳಲ್ಲ ಆ ಅಮ್ಮ.

"ತಟ್ಟೆ ಏನ್ಮಾಡಿದೆ?"

"ತೊಳೆದಿಟ್ಟಿದೀನಿ. ಕೊಡಬೇಕು."

"ಖಾಲಿ ಕೊಟ್ಟೀಯಾ, ಜೋಕೆ! ನಮ್ಮ ಮನೆಯಿಂದ ಖಾಲಿ ತಟ್ಟೆ ವಾಪಸ್ ಹೋಗಿದ್ದುಂಟಾ? ಏನಾದ್ರೂ ಹಾಕಿ ಕೊಡು ನನ್ನ ಕುರಿಮರಿ. ಅವಳ ಮನಸ್ಸು ಕರಗಿ, ಇರು ಅಂದ್ರೂ ಅಂದಾಳು. ನಾನು ಕಟ್ಟಿಕೊಟ್ಟ ಬಕ್ಲಾವ ಇದೆಯಲ್ಲ?"

ಆ ಸಿಹಿ ವಿಮಾನದಲ್ಲೇ ಮುಗಿದಿತ್ತು. ಅರ್ಧ ಪಕ್ಕದ ಸೀಟಿನ ಮಗುವಿಗೆ, ಇನ್ನರ್ಧ ಅಳು ಬಂದಾಗಲೆಲ್ಲ ತನಗೆ. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ತಟ್ಟೆಯನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಗೆ ಬಂದಳು.

ಹೊರಗೆ ಮಂಜು. ಬೀದಿ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹಾಗೆ. ಬೇಕರಿ ಮುಚ್ಚಿತ್ತು, ಹಣ್ಣಿನಂಗಡಿ ಮುಚ್ಚಿತ್ತು, ಮೂಲೆಯ ಪುಟ್ಟ ಅಂಗಡಿಯೂ ಮುಚ್ಚಿತ್ತು. ಹಬ್ಬದ ದಿನವಾದ ನವೆಂಬರ್ ಒಂದನೇ ತಾರೀಕು ಈ ಊರಿನಲ್ಲಿ ಒಂದು ಬ್ರೆಡ್ಡು ಕೊಳ್ಳುತ್ತೇನೆಂದು ಹೊರಡುವವರು ನಿನ್ನೆ ಬಂದಿಳಿದವರು ಮಾತ್ರ. ಚೌಕದಲ್ಲಿ ಪಾರಿವಾಳಗಳು ಅವಳಿಗೆ ದಾರಿ ಬಿಟ್ಟು ಮತ್ತೆ ಕೂತವು. ಎಲ್ಲೋ ಎತ್ತರದಿಂದ ತುತ್ತೂರಿ ಕೇಳಿಸಿ, ಈ ಊರಿನ ವಾಡಿಕೆಯಂತೆ, ನಡುವೆಯೇ ನಿಂತುಹೋಯಿತು. ಇನ್ನುಳಿದದ್ದು ಬಂದೀತೆಂದು ಕತ್ತೆತ್ತಿಕೊಂಡು ಕಾದಳು. ಬರಲಿಲ್ಲ. ತಾನಿನ್ನೂ ಹಾಸಿಗೆಯಲ್ಲೇ ಇದ್ದೇನೋ ಏನೋ ಎಂದು ಅವಳಿಗೆ ಒಂದು ಗಳಿಗೆ ಅನುಮಾನವಾಯಿತು.

ನಡೆದೂ ನಡೆದೂ ಮಧ್ಯಾಹ್ನವಾಯಿತು. ಕೈ ಮರಗಟ್ಟಿತು, ತಟ್ಟೆ ಖಾಲಿಯೇ ಇತ್ತು. ಅಷ್ಟರಲ್ಲಿ ಟ್ರಾಮ್ ಬಂದು ನಿಂತಿತು. ಒಳಗೆ ಸೇವಂತಿಗೆಯ ತೋಟ! ಬಿಳಿ, ಹಳದಿ, ಕೆನ್ನೀಲಿ. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕುಂಡ. ಎಲ್ಲಿಗೆ ಹೋಗುತ್ತದೆಂದು ಕೇಳದೆ ಅವಳು ಹತ್ತಿಬಿಟ್ಟಳು. ಇಷ್ಟೊಂದು ಜನ ಹೋಗುವ ಕಡೆ ತಿನ್ನುವ ವಸ್ತು ಇಲ್ಲದೆ ಇರುತ್ತದೆಯೆ? ಮುದುಕರೊಬ್ಬರು "ಹಿಡ್ಕೋ ಮಗಾ, ಮಂಡಿ ನೋವು" ಎಂದು ತಮ್ಮ ಕುಂಡವನ್ನೂ ಅವಳ ಕೈಗೆ ದಾಟಿಸಿದರು. ತಟ್ಟೆಯ ಮೇಲೆ ಕುಂಡ, ಕುಂಡದ ಮೇಲೆ ಗಲ್ಲ ಇಟ್ಟುಕೊಂಡು, ಕಿಟಕಿಯಾಚೆ ತೇಲಿ ಹೋಗುವ ಮರಗಳನ್ನು ನೋಡುತ್ತ ಕೂತಳು.

ಎಲ್ಲರೂ ಇಳಿದದ್ದು ಸ್ಮಶಾನದ ಮುಂದೆ. ಸತ್ತವರನ್ನು ನೆನೆಯುವ ಹಬ್ಬ ಅದು; ಮುದುಕರು ತಮ್ಮ ಕುಂಡ ವಾಪಸ್ ತೆಗೆದುಕೊಂಡು ಒಳಗೆ ನಡೆದರು.

ಗೇಟಿನ ಬಳಿ ಜನವೋ ಜನ. ದೀಪ ಮಾರುವವರು, ಹೂ ಮಾರುವವರು, ಅವರ ನಡುವೆ ಏಪ್ರನ್ ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಕೂಗುತ್ತಿದ್ದಳು: "ತುರ್ಕಿ ಜೇನು! ಬನ್ನಿ, ತುರ್ಕಿ ಜೇನು!"

ಸೆಹೆರ್ ಬೆಚ್ಚಿ ಹತ್ತಿರ ಹೋದಳು. ಸುಟ್ಟ ಸಕ್ಕರೆಗೆ ಬೀಜ ಸೇರಿಸಿ ಎರೆದ ಕಂದು ಅಚ್ಚುಗಳು.

"ನಾನು ತುರ್ಕಿಯವಳು," ಎಂದಳು. "ನಮ್ಮಲ್ಲಿ ಇದು ಇಲ್ಲವೇ ಇಲ್ಲ."

"ಹಾಗಾದ್ರೆ ನಿಮ್ಮೋರು ಮಾಡೋದನ್ನ ಮರ್ತಿರಬೇಕು," ಎಂದಳು ಹೆಂಗಸು ತಣ್ಣಗೆ. "ನಾನು ಮೂವತ್ತು ವರ್ಷದಿಂದ ಮರೀದೆ ಮಾರ್ತಿದೀನಿ. ಎಷ್ಟು ಬೇಕು?"

"ಈ ತಟ್ಟೆ ತುಂಬ."

"ತಟ್ಟೆ ಹಿಡ್ಕೊಂಡು ಸ್ಮಶಾನಕ್ಕೆ ಬಂದೋಳನ್ನ ಇವತ್ತೇ ಕಣಮ್ಮ ನೋಡಿದ್ದು!" ಎಂದು ನಕ್ಕು, ಹೆಂಗಸು ಎರಡು ಚೂರು ಹೆಚ್ಚಿಗೆ ಹಾಕಿದಳು.

ತಟ್ಟೆ ತುಂಬಿದ್ದೇ ಕಾಲು ಹಗುರಾದವು. ಸೆಹೆರ್ ಒಳಗೆ ಹೋದಳು. ನಾಲ್ಕು ಗಂಟೆಗೇ ಕತ್ತಲಿಳಿಯುತ್ತಿತ್ತು. ಸಾವಿರಾರು ಗಾಜಿನ ದೀಪಗಳು, ಕೆಂಪು, ಹಸಿರು, ಹಳದಿ, ಮಂಜಿನೊಳಗೆ ಒಂದರೊಳಗೊಂದು ಕರಗಿ ನೆಲವೇ ಬೆಳಗುತ್ತಿತ್ತು. ಜನ ಗೋರಿಗಳ ಪಕ್ಕ ನಿಂತು ಮೆಲ್ಲಗೆ ಮಾತಾಡುತ್ತಿದ್ದರು, ಮನೆಯವರ ಜೊತೆ ಮಾತಾಡಿದ ಹಾಗೆ. ತನ್ನೂರಲ್ಲಿ ತಮ್ಮ ಹಬ್ಬದ ಹಿಂದಿನ ದಿನ ಅಜ್ಜನ ಗೋರಿಗೆ ನೀರೆರೆಯಲು ಹೋಗುತ್ತಿದ್ದುದು ಅವಳಿಗೆ ನೆನಪಾಯಿತು. ಈ ಊರಿನಲ್ಲಿ ತನಗೆ ಸತ್ತವರೂ ಇಲ್ಲ, ಬದುಕಿರುವವರೂ ಇಲ್ಲ ಅನ್ನಿಸಿ ದುಃಖ ಒತ್ತರಿಸಿ ಬಂತು. ಆದರೂ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ. ಆ ಬೆಳಕಿನಲ್ಲಿ ಸುತ್ತಿದಳು, ಸುತ್ತಿದಳು. ಈ ಊರಿನಲ್ಲೇ ಇರಬೇಕು ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಮನೆಗೆ ಬಂದರೆ ಯಾನಿನಾ ಮೆಟ್ಟಿಲ ಬುಡದಲ್ಲೇ ನಿಂತಿದ್ದರು.

"ನನ್ನ ತಟ್ಟೆ ಎಲ್ಲಿ?"

ಸೆಹೆರ್ ಶಾಲಿನೊಳಗಿನ ತಟ್ಟೆಯನ್ನು ಇನ್ನಷ್ಟು ಅವಚಿಕೊಂಡಳು.

"ಮಧ್ಯಾಹ್ನ ಊಟಕ್ಕೆ ನಾದಿನಿ ಮನೆಯೋರು ಬಂದಿದ್ರು. ಆರು ಜನ, ಐದು ತಟ್ಟೆ! ಅಡುಗೆಮನೆಯೆಲ್ಲ ತಡಕಾಡಿದೆ. ಕೊನೆಗೆ ಹಣ್ಣಿಡೋ ಬಟ್ಟಲಲ್ಲಿ ತಿಂದೆ ನಾನು. ನಾದಿನಿ ಹಲ್ಲು ಕಿಸೀತಾಳೆ, 'ನಿನ್ನ ಹುಡುಗಿ ತಟ್ಟೆ ಸಮೇತ ಪರಾರಿ' ಅಂತ. ತಿಂದಮೇಲೆ ತೊಳೆದು ಇಡೋಕೇನಾಗಿತ್ತು?"

ಸೆಹೆರ್ ಶಾಲು ಬಿಚ್ಚಿದಳು. "ಖಾಲಿ ತಟ್ಟೆ ಕೊಡಬಾರದು. ನಮ್ಮ ಅಮ್ಮನಿಗೆ ಅವಮಾನ. ಅಂಗಡಿಗಳು ಮುಚ್ಚಿದ್ದವು. ಬೆಳಿಗ್ಗೆಯಿಂದ ಹುಡುಕಿದೆ."

ಯಾನಿನಾ ತಟ್ಟೆಯನ್ನೂ ಅವಳನ್ನೂ ನೋಡಿದರು. "ಬೆಳಿಗ್ಗೆಯಿಂದ?"

"ಹೌದು."

"ಈಗ ನಾನು ಇದನ್ನ ತಗೊಂಡ್ರೆ ಮುಂದೇನು?"

"ಇನ್ನೊಂದು ದಿನ ನೀವು ಏನಾದರೂ ಹಾಕಿ ಕಳಿಸುತ್ತೀರಿ. ಆಮೇಲೆ ನಾನು."

"ಮುಗಿಯೋದು ಯಾವಾಗ?"

"ಮುಗಿಯುವುದಿಲ್ಲ. ನಮ್ಮ ಅಮ್ಮನಿಗೂ ಪಕ್ಕದ ಮನೆಯವರಿಗೂ ನಡುವೆ ಒಂದು ತಟ್ಟೆ ಇಪ್ಪತ್ತು ವರ್ಷದಿಂದ ಓಡಾಡುತ್ತಿದೆ. ಅದು ಮೊದಲು ಯಾರದ್ದು ಅಂತ ಇಬ್ಬರಿಗೂ ಮರೆತುಹೋಗಿದೆ."

ಯಾನಿನಾ ಒಂದು ಚೂರು ಬಾಯಿಗೆ ಹಾಕಿಕೊಂಡು, "ಹಲ್ಲು ಕಿತ್ತು ಕೈಗೆ ಕೊಡುತ್ತೆ ಇದು," ಎಂದು ಗೊಣಗಿ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಆಯಿತು, ಮುಗಿಯಿತು ಎಂದುಕೊಂಡಳು ಸೆಹೆರ್. ಮೇಲೆ ಹೋಗಿ ಪೆಟ್ಟಿಗೆ ತೆರೆದು ಬಟ್ಟೆ ಮಡಿಸತೊಡಗಿದಳು. ಅಳು ಬರುತ್ತಿತ್ತು, ಮಡಿಸುತ್ತಲೇ ಇದ್ದಳು. ಅರ್ಧ ಪೆಟ್ಟಿಗೆ ತುಂಬಿತ್ತೋ ಇಲ್ಲವೋ, ಬಾಗಿಲು ಬಡಿದ ಸದ್ದಾಯಿತು. ಯಾನಿನಾ ಏದುಸಿರು ಬಿಡುತ್ತ ನಿಂತಿದ್ದರು, ಕೈಯಲ್ಲಿ ಅದೇ ತಟ್ಟೆ, ಅದರಲ್ಲಿ ಹಬೆಯಾಡುವ ಆಲೂಗಡ್ಡೆಯ ಕಡುಬು.

"ತಗೋ. ಖಾಲಿ ತರಬೇಡ ಮತ್ತೆ."

"ಆದರೆ ನಾಳೆ ಬೆಳಿಗ್ಗೆ ನಾನು ಹೊರಡಬೇಕಲ್ಲ, ಪಾನಿ ಯಾನಿನಾ?"

ಅವರು ಆಗಲೇ ಮೆಟ್ಟಿಲ ಕಟಾಂಜನ ಹಿಡಿದು ಕೆಳಗಿಳಿಯುತ್ತಿದ್ದರು. ತಿರುಗಿ ನೋಡಲಿಲ್ಲ.

"ನನ್ನ ತಟ್ಟೆ ಇಟ್ಕೊಂಡು ಎಲ್ಲಿಗೆ ಹೋಗ್ತೀಯೇ?"