ಬೇಕರಿ ಶಟರ್ ಬಾಕಿ ಇದೆ

ಬೀದಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಬಟ್ಟೆ ಅಂಗಡಿಯ ಯಜಮಾನರು ತೋಳು ಮಡಚಿ, ಉಸಿರು ಬಿಗಿಹಿಡಿದು ಶಟರ್ ಎತ್ತುತ್ತಿದ್ದಾರೆ. ಅದು ಮೊಣಕಾಲಿನವರೆಗೆ ಬಂದು ಮೊಂಡು ಹಿಡಿದಿದೆ.

"ಬೆನ್ನಲ್ಲಲ್ಲ ಯಜಮಾನ್ರೇ, ಕಾಲಲ್ಲಿ ಜೋರು ಹಾಕಿ! ಎಡಗಡೆ ಒಂದು ಒದೆ ಕೊಡಿ!"

ಒದೆ ಬೀಳುತ್ತದೆ. ಶಟರ್ ಗಡಗಡನೆ ಮೇಲೇರುತ್ತದೆ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟುತ್ತದೆ. ಪಾಠ ಹೇಳಿದ ಶಟರಕ್ಕ ಮಾತ್ರ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಾರೆ. ನಾಳೆ ಆ ಭುಜಕ್ಕೆ ಶಸ್ತ್ರಚಿಕಿತ್ಸೆ.

ಇಲ್ಲಿನ ಶಟರ್‌ಗಳೆಲ್ಲ ಹಳೆಯವು, ಒಂದೊಂದಕ್ಕೂ ಒಂದೊಂದು ಗುಣ. ಮೂವತ್ತು ಅಂಗಡಿಗಳ ಶಟರ್ ಎತ್ತಿ, ಇಳಿಸಿ, ಎಣ್ಣೆ ಬಿಟ್ಟು ಸಾಕಿದವರು ಇವರೇ. ಬೀಗ ತೆಗೆದು, ಟೀ ಹೀರುತ್ತಾ ಇವರಿಗಾಗಿ ಕಾಯುವುದು ಅಂಗಡಿಯವರ ವಾಡಿಕೆ.

ಮೊದಲ ಸಲ ಭುಜದ ಕೀಲು ಜಾರಿದ್ದು ಬೇಕರಿಯ ಶಟರ್ ಅರ್ಧದಲ್ಲೇ ಸಿಕ್ಕಿಕೊಂಡಾಗ. ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಕೂರಿಸಿದರು. ಆಮೇಲೆ ಜಾರಿದಾಗಲೆಲ್ಲ ದೀಪದ ಕಂಬ ಹಿಡಿದು ತಾವೇ ಲಟಕ್ಕನೆ ಕೂರಿಸಿಕೊಳ್ಳತೊಡಗಿದರು. "ಜನ ಭೇಷ್ ಅಂತಿದ್ರು, ನಾನೂ ಬೀಗ್ತಿದ್ದೆ. ಡಾಕ್ಟ್ರಮ್ಮ ಕೇಳಿ ತಲೆ ಚಚ್ಕೊಂಡ್ರು. ಪ್ರತಿ ಸಲಾನೂ ಒಳಗೆ ಇನ್ನಷ್ಟು ಹಾಳಾಗ್ತಿತ್ತಂತೆ!"

ದಾರಿ ಎರಡಿತ್ತು. ವ್ಯಾಯಾಮ ಮಾಡಿ ಸ್ನಾಯು ಗಟ್ಟಿ ಮಾಡಿಕೊಳ್ಳುವುದು, ಇಲ್ಲವೇ ಶಸ್ತ್ರಚಿಕಿತ್ಸೆ. ಎರಡನೆಯದಾದರೆ ತಿಂಗಳುಗಟ್ಟಲೆ ಶಟರ್ ಮುಟ್ಟುವಂತಿಲ್ಲ. ಅಷ್ಟರಲ್ಲಿ ಬೀದಿ ತಮ್ಮನ್ನು ಮರೆತುಬಿಟ್ಟರೆ? ಆ ಭಯಕ್ಕೇ ವ್ಯಾಯಾಮ ಆರಿಸಿಕೊಂಡರು. ಕಿಟಕಿಗೆ ರಬ್ಬರ್ ಪಟ್ಟಿ ಕಟ್ಟಿ, ಒಂದು ದಿನವೂ ತಪ್ಪಿಸದೆ ಎಳೆದರು. ತೋಳು ಗಟ್ಟಿಯಾಯಿತು, ಶಟರ್ ಎತ್ತುವಾಗ ಜಾರುವುದು ನಿಂತಿತು. ಆದರೆ ಒಂದು ಮಧ್ಯಾಹ್ನ ಹಗ್ಗದ ಮೇಲಿನ ಟವೆಲ್‌ಗೆ ಕೈ ಚಾಚಿದ್ದಾರೆ, ಜಾರಿಯೇಬಿಟ್ಟಿದೆ.

"ಆನೆ ದಾಟಿ ಬಾಲ ಸಿಕ್ಕಿಹಾಕ್ಕೊಂಡಂಗಾಯ್ತು ನೋಡಿ!" ಎಂದು ನಗುತ್ತಾರೆ.

ಸ್ಕ್ಯಾನ್‌ನಲ್ಲಿ ಕೀಲಿನ ಅಂಚು ಹರಿದಿರುವುದು ಕಂಡಿತು. ದರ್ಜಿಯಾದ ಗಂಡ ಅಲ್ಲೇ ತೀರ್ಪು ಕೊಟ್ಟರು: "ಸಡಿಲಾಗಿದ್ರೆ ಬಿಗಿ ಮಾಡ್ಬೋದು ಕಣೇ, ಹರಿದಿದ್ದನ್ನ ಹೊಲೀಲೇಬೇಕು." ಡಾಕ್ಟರ್ ಹೂಂಗುಟ್ಟಿದರು. ಹೊಲಿದ ಮೇಲೂ ರಬ್ಬರ್ ಪಟ್ಟಿ ತಪ್ಪಿದ್ದಲ್ಲ ಎಂದೂ ಸೇರಿಸಿದರು.

ಉಳಿದದ್ದು ಬೀದಿಯ ಚಿಂತೆ. ಅದಕ್ಕೇ ಈ ವಾರವೆಲ್ಲ ಆಯಾ ಶಟರ್‌ನ ಗುಟ್ಟನ್ನು ಆಯಾ ಅಂಗಡಿಯವರಿಗೇ ಹೇಳಿಕೊಡುತ್ತಿದ್ದಾರೆ. ಎಲ್ಲರೂ ಕಲಿತುಬಿಟ್ಟರೆ ಆಮೇಲೆ ತಮ್ಮನ್ನು ಕರೆಯುವವರು ಯಾರು?

ಉತ್ತರ ಬೆವರು ಒರೆಸಿಕೊಳ್ಳುತ್ತಿರುವ ಬಟ್ಟೆ ಅಂಗಡಿಯವರಿಂದ ಬರುತ್ತದೆ: "ಒಂದು ಎತ್ತೋಷ್ಟರಲ್ಲೇ ನನ್ನ ಸೊಂಟ ಹೋಯ್ತು. ಬೇಗ ವಾಸಿ ಮಾಡ್ಕೊಂಡು ಬಾ ತಾಯಿ!"

ಬೀದಿ ಗೊಳ್ಳೆನ್ನುತ್ತದೆ. ಶಟರಕ್ಕ ಎಡಗೈಯಿಂದ ಬೇಕರಿಯತ್ತ ತೋರಿಸುತ್ತಾರೆ.

"ಅದೊಂದನ್ನ ಮಾತ್ರ ಯಾರ್ಗೂ ಹೇಳ್ಕೊಟ್ಟಿಲ್ಲ. ನಾನು ಬರೋವರೆಗೂ ಬೇಕರಿಯವ್ರು ಹಿಂಬಾಗಿಲಲ್ಲೇ ವ್ಯಾಪಾರ ಮಾಡ್ಲಿ, ಒಪ್ಪಿದಾರೆ. ನನ್ನ ಭುಜ ಇಳಿಸಿದ ಶಟರ್ ಅದು. ವಾಪಸ್ ಬಂದ ಮೇಲೆ ನಾನೇ ಎತ್ತಬೇಕು. ಇದೇ ಕೈಯಲ್ಲಿ."