ಎಪ್ಪತ್ತೈದನೆಯ ಪ್ರಶ್ನೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಣ್ಣಿನ ಮಾರುಕಟ್ಟೆಯ ಹಿಂಬದಿ ಗೇಟಿನಲ್ಲಿ ಮೂರು ಲಾರಿಗಳು ಬೆನ್ನು ತಿರುಗಿಸಿ ನಿಂತಿವೆ. ಹಮಾಲರು ಪೆಟ್ಟಿಗೆ ಇಳಿಸುತ್ತಿದ್ದಾರೆ. ಚಹಾ ಗಾಡಿಯ ಪಕ್ಕದಲ್ಲಿ ಹೆಂಗಸೊಬ್ಬರು ಗ್ಲಾಸು ಹಿಡಿದು ನಿಂತಿದ್ದಾರೆ. ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ, ಹೆಗಲಿಗೆ ಬಟ್ಟೆಯ ಚೀಲ. ಅವರು ಚಹಾ ಕುಡಿಯುತ್ತಿಲ್ಲ. ಎದುರಿಗಿರುವ ಎತ್ತರದ ಹಮಾಲನ ಗ್ಲಾಸನ್ನೇ ನೋಡುತ್ತಿದ್ದಾರೆ. ಆತ ಊದುವುದೂ ಇಲ್ಲ, ಕಾಯುವುದೂ ಇಲ್ಲ. ಮೊದಲ ಗುಟುಕು ಗಂಟಲಿಗಿಳಿದ ಕ್ಷಣದಲ್ಲೇ ಇವರು ತಮ್ಮ ಗ್ಲಾಸಿಗೆ ಥರ್ಮಾಮೀಟರ್ ಅದ್ದುತ್ತಾರೆ. ಎಪ್ಪತ್ತೊಂದು ಡಿಗ್ರಿ.

"ಅಣ್ಣಾ, ಬಾಯಿ ಸುಡಲ್ವಾ?"

"ಸುಟ್ಟೂ ಸುಟ್ಟೂ ಬಾಯಿಗೆ ನಾಚಿಕೆನೇ ಹೋಗಿದೆ ಅಕ್ಕಾ. ಲಾರಿಯವ್ನು ಕೊಡೋದೇ ಮೂರು ನಿಮಿಷ. ಊದ್ತಾ ಕೂತ್ರೆ ಚಹಾನೂ ಹೋಯ್ತು, ಸಿಗರೇಟೂ ಹೋಯ್ತು."

"ಹಣ್ಣು? ವಾರಕ್ಕೆ ಎಷ್ಟು ಸಲ ತಿಂತೀರಿ?"

ಪಕ್ಕದಲ್ಲಿದ್ದವನು ಬಾಯಿ ಹಾಕುತ್ತಾನೆ. "ಅವ್ನು ಹಣ್ಣು ಹೊರ್ತಾನಕ್ಕಾ, ತಿನ್ನಲ್ಲ."

"ಸುಮ್ನಿರೋ, ತಿಂದಿದೀನಿ. ಹೋದ ವರ್ಷ ಕಾಲು ಮುರ್ಕೊಂಡು ಆಸ್ಪತ್ರೇಲಿ ಮಲಗಿದ್ದಾಗ ನೀವೆಲ್ಲಾ ಸೇರಿ ತಂದುಕೊಟ್ರಲ್ಲ!"

ಗಾಡಿಯ ಸುತ್ತ ನಿಂತವರೆಲ್ಲ ನಗುತ್ತಾರೆ. ಆ ಹೆಂಗಸೂ ನಗುತ್ತಾರೆ. ನಗುತ್ತಲೇ ಚೀಲದಿಂದ ತೆಗೆದ ಫಾರಂನ 'ಅಪರೂಪಕ್ಕೆ' ಎಂಬ ಚೌಕದಲ್ಲಿ ಗುರುತು ಹಾಕುತ್ತಾರೆ.

ಇಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಪ್ರಶ್ನೆ ಅಕ್ಕ' ಎಂದು. ಅನ್ನನಾಳದ ಕ್ಯಾನ್ಸರ್ ಯಾರಿಗೆ ಬರುತ್ತದೆ, ಅವರು ಹೇಗೆ ಬದುಕಿದ್ದರು ಎಂದು ತಿಳಿಯಲು ಆಸ್ಪತ್ರೆಯೊಂದು ನಡೆಸುತ್ತಿರುವ ಅಧ್ಯಯನಕ್ಕೆ ಅವರು ಮಾಹಿತಿ ಕಲೆಹಾಕುತ್ತಾರೆ. ಕಾಯಿಲೆ ಇರುವವರನ್ನು ವಾರ್ಡಿನಲ್ಲಿ ಕೇಳುತ್ತಾರೆ, ಇಲ್ಲದವರನ್ನು ಹೀಗೆ ಬೀದಿಯಲ್ಲಿ, ಗೋದಾಮಿನಲ್ಲಿ, ಮನೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ. ಫಾರಂನಲ್ಲಿ ಎಪ್ಪತ್ತನಾಲ್ಕು ಪ್ರಶ್ನೆಗಳಿವೆ. ಒಬ್ಬರಿಗೆ ಐವತ್ತು ನಿಮಿಷದ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಜನ. ಹನ್ನೊಂದು ವರ್ಷಗಳಲ್ಲಿ ಹತ್ತು ಸಾವಿರ ದಾಟಿದೆ. ಡಾಕ್ಟರುಗಳು ಬರೆಯುವ ವರದಿಯಲ್ಲಿ ಅವರ ಹೆಸರು ಬರುವುದಿಲ್ಲ. "ಬಂದ್ರೂ ಓದೋರ್ಯಾರು? ನಮ್ಮನೇಲಂತೂ ಇಲ್ಲ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ.

ಅದಕ್ಕೂ ಮೊದಲು ಅದೇ ಆಸ್ಪತ್ರೆಯಲ್ಲಿ ಟೋಕನ್ ನಂಬರು ಕೂಗುವ ಕೆಲಸ. ಸರದಿಯಲ್ಲಿ ಕೂತವರು ಡಾಕ್ಟರ ಮುಂದೆ ಬಾಯಿ ಬಿಡದೆ ಬಂದು ಇವರ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುವುದನ್ನು ಹಿರಿಯ ಡಾಕ್ಟರೊಬ್ಬರು ಗಮನಿಸಿದರು. ಪೆನ್ನು, ಫಾರಂ, ಥರ್ಮಾಮೀಟರ್ ಕೊಟ್ಟು ಕಳಿಸಿದರು.

ಕೆಲಸದ ಗುಟ್ಟುಗಳನ್ನು ಯಾರೂ ಕಲಿಸಲಿಲ್ಲ. 'ನೀವು ಕುಡಿಯುವ ಚಹಾ ಬೆಚ್ಚಗಿರುತ್ತದೆಯೇ, ಬಿಸಿಯೇ, ತುಂಬಾ ಬಿಸಿಯೇ?' ಎಂದು ಕೇಳಿದರೆ ಎಲ್ಲರೂ 'ಮಾಮೂಲಿ' ಎನ್ನುತ್ತಾರೆ. ಅದಕ್ಕೇ ಎರಡು ಗ್ಲಾಸು ಚಹಾ ಒಟ್ಟಿಗೆ ಹಾಕಿಸಿ, ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರಲ್ಲಿ ಅಳೆಯುತ್ತಾರೆ. ಅರವತ್ತೈದು ದಾಟಿದರೆ 'ತುಂಬಾ ಬಿಸಿ'. ತಂಬಾಕಿನ ಪ್ರಶ್ನೆ ಬಂದಾಗ ಹೆಂಡತಿ ಪಕ್ಕದಲ್ಲಿದ್ದರೆ, "ಅಮ್ಮಾ, ಹಳೇ ಔಷಧಿ ಚೀಟಿ ಇದ್ರೆ ಹುಡುಕಿ ತರ್ತೀರಾ?" ಎಂದು ಒಳಗೆ ಕಳಿಸುತ್ತಾರೆ. ಆಕೆ ಹುಡುಕಿ ತರುವಷ್ಟರಲ್ಲಿ ಸಿಗರೇಟು ಎಷ್ಟು, ಹೆಂಡ ಎಷ್ಟು, ಎರಡೂ ಒಟ್ಟಿಗೆ ಎಷ್ಟು ವರ್ಷ, ಎಲ್ಲ ಗೊತ್ತಾಗಿರುತ್ತದೆ.

ಫಾರಂನ ಮೇಲೆ ಅವರಿಗೊಂದು ಸಣ್ಣ ಮುನಿಸಿದೆ. "ಇದ್ರಲ್ಲಿ 'ಬಿಸಿ ಚಹಾ ಕುಡಿಯುವ ಅಭ್ಯಾಸ' ಅಂತ ಅಚ್ಚಾಗಿದೆ. ಆ ಎತ್ತರದ ಹಮಾಲಣ್ಣಂದು ಅಭ್ಯಾಸನಾ? ಅದು ಲಾರಿ ಟೈಮು. ಹಣ್ಣು ತಿನ್ನದೇ ಇರೋದು ಅಭ್ಯಾಸನಾ? ಚೌಕ ಇಲ್ಲ ಇದಕ್ಕೆಲ್ಲ." ಹಾಗಾಗಿ ಏಳು ವರ್ಷಗಳ ಹಿಂದೆ, ಕೊನೆಯ ಪುಟದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ತಮ್ಮದೇ ಒಂದು ಪ್ರಶ್ನೆ ಸೇರಿಸಿದರು. ಯಾರ ಜೊತೆ ಊಟ ಮಾಡ್ತೀರಿ? ಅದು ಎಪ್ಪತ್ತೈದನೆಯದು. ಅಲ್ಲಿಯವರೆಗೆ ಹೂಂ, ಉಹೂಂ ಎನ್ನುತ್ತಿದ್ದವರು ಅಲ್ಲಿಗೆ ಬಂದ ಕೂಡಲೇ ಮಾತಿಗಿಳಿಯುತ್ತಾರೆ. ಎಲ್ಲರಿಗೂ ಬಡಿಸಿ ಒಲೆಯ ಮುಂದೆ ನಿಂತೇ ನುಂಗುವ ಹೆಂಗಸರು, ಬಾಗಿಲ ಬಳಿ ಕೂತು ಒಬ್ಬರೇ ಕುಡಿಯುವ ಗಂಡಸರು. ಯಾರೂ ಜೊತೆಗಿಲ್ಲದವರು ಅವಸರದಲ್ಲಿ ತಿನ್ನುತ್ತಾರೆ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ನೋಡುವವರೂ ಇರುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು.

ಆ ಪ್ರಶ್ನೆಯನ್ನು ತಮ್ಮ ಮನೆಯಲ್ಲೇ ಕೇಳಿರಲಿಲ್ಲ.

ಮನೆ ಎಂದರೆ ಮೂರನೇ ಮಹಡಿಯ ಎರಡು ಕೋಣೆ. ಗಂಡ ಲಾರಿ ಡ್ರೈವರ್, ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನಗಳಲ್ಲಿ ಇವರು ಮತ್ತು ಮಾವ. ಮಾವ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಸೊಸೆ ಬೆಳಗಿನ ಜಾವವೇ ಹೊರಟು, ಸಂಜೆ ಬಂದಾಗ ಮಾವನ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಊಟವಾಯಿತು ಎಂದುಕೊಳ್ಳುತ್ತಿದ್ದರು.

ಕಳೆದ ವರ್ಷ ಒಂದು ಭಾನುವಾರ ಇಬ್ಬರೂ ಒಟ್ಟಿಗೆ ತಿಂಡಿಗೆ ಕೂತರು. ಮಾವ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಬೆರಳ ತುದಿಯಷ್ಟೇ ಮುರಿದು ಬಾಯಿಗಿಡುತ್ತಿದ್ದರು. ಒಂದೊಂದು ಚೂರಿಗೂ ನೀರು. "ಎಣಿಸೋದು ನನ್ನ ಕೆಲಸ ಅಲ್ವಾ, ತನ್ನಷ್ಟಕ್ಕೇ ಎಣಿಸಿಬಿಟ್ಟೆ. ನಾಲ್ಕು ತುತ್ತಿಗೆ ಹನ್ನೊಂದು ಗುಟುಕು ನೀರು," ಎಂದು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ, ಕಿಟಕಿಯ ಸರಳನ್ನು ಒರೆಸುತ್ತಿರುತ್ತಾರೆ.

"ಮಾವಾ, ಗಂಟಲು ನೋವಾ?"

"ಬ್ರೆಡ್ಡು ಒಣಗಿದೆ. ಊರವರ ಗಂಟಲಲ್ಲಿ ಇಣುಕಿದ್ದು ಸಾಲ್ದಾ ನಿಂಗೆ? ಹೋಗು, ಭಾನುವಾರ ಆದ್ರೂ ರಜ ತಗೋ."

ಆಸ್ಪತ್ರೆಗೆ ಬನ್ನಿ ಎಂದು ಸೊಸೆ ಬೇಡಿದರು, ಬೈದರು, ಗಂಡನಿಂದ ಫೋನ್ ಮಾಡಿಸಿದರು. ಮಾವ ಜಗ್ಗಲಿಲ್ಲ. ಮೂರನೆಯ ದಿನ ಇವರಿಗೊಂದು ಉಪಾಯ ಹೊಳೆಯಿತು. ಡಿಪೋದಲ್ಲಿ ದಿನವೂ ರಿಪೇರಿ ಚೀಟಿ ತುಂಬಿದ ಮನುಷ್ಯ. ಒಂದು ಗೆರೆ ಖಾಲಿ ಬಿಟ್ಟರೆ ಬಸ್ಸು ಹೊರಗೆ ಬಿಡುತ್ತಿರಲಿಲ್ಲವಂತೆ. ಇವರು ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು, ಫಾರಂ ಹಿಡಿದು, ಮೇಜಿನ ಆಚೆ ಬದಿಗೆ ಕೂತರು. "ನಿಮ್ಮ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನೀವು ಹೇಳಿದ್ದು ಗುಟ್ಟಾಗಿರತ್ತೆ," ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು.

ಮಾವ ಕನ್ನಡಕ ಏರಿಸಿಕೊಂಡರು. "ನನ್ನ ನಂಬರ್ ಎಷ್ಟು ಮೇಡಂ?"

"ಹತ್ತು ಸಾವಿರದ ಮುನ್ನೂರ ಹದಿನೆಂಟು."

"ಹಾಂ. ಕೇಳಿ."

ತಂಬಾಕು ಹದಿನಾಲ್ಕನೇ ವಯಸ್ಸಿಗೆ. "ನಿಮ್ಮತ್ತೆ ಇದ್ದಿದ್ರೆ ಇಪ್ಪತ್ತೈದು ಅಂತಿದ್ದೆ, ಮೇಡಂ." ಹೆಂಡ ಸಂಬಳದ ವಾರ ಹೆಚ್ಚು. ಚಹಾ ಎರಡು ಬಸ್ಸಿನ ನಡುವೆ, ಕುದಿಯುತ್ತಿದ್ದ ಹಾಗೇ. ಯಾರು ಮೊದಲು ಗ್ಲಾಸು ಖಾಲಿ ಮಾಡುತ್ತಾರೆಂದು ಡಿಪೋದಲ್ಲಿ ಪಂದ್ಯ ಬೇರೆ. "ಒಂಬತ್ತು ವರ್ಷ ನಾನೇ ಗೆದ್ದಿದ್ದು. ಬರ್ಕೊಳ್ಳಿ." ನುಂಗಲು ತೊಂದರೆ ಎಷ್ಟು ದಿನದಿಂದ ಎಂಬ ಪ್ರಶ್ನೆಗೆ, "ಎರಡು ತಿಂಗಳು." ಪೆನ್ನು ಕಾಗದ ಮುಟ್ಟುವ ಮೊದಲೇ, "ಮೂರು ಅಂತ ಹಾಕಿ," ಎಂದರು.

"ಯಾಕೆ ಹೇಳಲಿಲ್ಲ?" ಅದು ಫಾರಂನಲ್ಲಿ ಇರಲಿಲ್ಲ.

"ಹೇಳಿದ್ರೆ ನೀನು ಕೆಲಸ ಬಿಟ್ಟು ಮನೇಲಿ ಕೂರ್ತಿದ್ದೆ."

ಕೊನೆಗೆ ಪೆನ್ಸಿಲಿನ ಪ್ರಶ್ನೆ ಬಂತು. ಯಾರ ಜೊತೆ ಊಟ ಮಾಡ್ತೀರಿ? ಮಾವ ಕಪಾಟಿನ ಮೇಲಿದ್ದ ರೇಡಿಯೊ ಕಡೆ ನೋಡಿದರು. "ಅದರ ಜೊತೆ." ಆ ಉತ್ತರ ಬರೆಯಲು ಸೊಸೆಗೆ ಆಗಲಿಲ್ಲ. ಫಾರಂ ಮಡಿಸಿಟ್ಟರು. ಮರುದಿನ ಮಾವ ತಾವಾಗಿಯೇ ಷರಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಗಂಟಲೊಳಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು, ಕ್ಯಾನ್ಸರ್ ಹೌದು, ಇನ್ನೂ ಹರಡಿಲ್ಲ, ಎಂದರು. ಔಷಧಿ, ವಿಕಿರಣ, ಆಮೇಲೆ ದೊಡ್ಡ ಆಪರೇಷನ್. ಮಾವ ಹದಿನಾಲ್ಕು ಕಿಲೋ ಇಳಿದರು. ಈಗ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ, ಮೆತ್ತಗಿನ ಊಟ. ಪೂರ್ತಿ ವಾಸಿಯಾಯಿತು ಎಂದು ಯಾರೂ ಹೇಳಿಲ್ಲ. ಪ್ರಶ್ನೆ ಅಕ್ಕ ಕೆಲಸ ಬಿಟ್ಟಿಲ್ಲ, ಮಧ್ಯಾಹ್ನ ಎರಡು ತಾಸು ಬಿಡುವು ಮಾತ್ರ ಕೇಳಿ ಪಡೆದುಕೊಂಡಿದ್ದಾರೆ. ಬಸ್ಸು ಹಿಡಿದು ಮನೆಗೆ ಬಂದು, ಮಾವನ ಎದುರು ಕೂತು ಉಂಡು, ಮತ್ತೆ ಹೊರಡುತ್ತಾರೆ.

ಸ್ವಂತ ಮನೆಯವರ ಫಾರಂ ತಾವೇ ತುಂಬಬಾರದೆಂದು ಆಸ್ಪತ್ರೆಯಲ್ಲಿ ನಿಯಮವಿದೆ. ಅವರೇ ಹೋಗಿ ಒಪ್ಪಿಕೊಂಡರು, ಆ ಫಾರಂಗೆ ಅಡ್ಡಗೆರೆ ಬಿತ್ತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಜೊತೆ ಕೆಲಸದ ಹುಡುಗಿ ಬಂದು ಎಲ್ಲವನ್ನೂ ಹೊಸದಾಗಿ ಕೇಳಿದಳು. ಎಪ್ಪತ್ತೈದನ್ನೂ ಕೇಳಿದಳು, ಅದು ಈಗ ಅವಳಿಗೂ ರೂಢಿ. ಇವರು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ಒಳಗಿನದು ಕೇಳಿಸುತ್ತಿತ್ತು.

"ಸೊಸೆ ಜೊತೆ," ಎಂದರಂತೆ ಮಾವ. "ಬಾಯಿ ಜಾಸ್ತಿ ಅವ್ಳಿಗೆ. ಅದನ್ನ ಬರೀಬೇಡಮ್ಮ."

ನಾನು ಹೋದ ಸಂಜೆ ಮೂರು ಗ್ಲಾಸಿನಲ್ಲಿ ಚಹಾ ಬಂತು. ಮಾವ ತಮ್ಮ ಗ್ಲಾಸಿಗೆ ತಾವೇ ಥರ್ಮಾಮೀಟರ್ ಅದ್ದಿ, ಗೇಜು ನೋಡುವ ಮೆಕ್ಯಾನಿಕ್ಕಿನ ಹಾಗೆ ಕಣ್ಣು ಕಿರಿದು ಮಾಡಿದರು. "ಅರವತ್ತೆರಡು. ಇನ್ನೂ ಹತ್ತು ಇಳೀಬೇಕು. ಅಲ್ಲೀವರೆಗೂ ನಿಮ್ಮ ಮಾತು ನಡೀಲಿ."

ಏನಾದರೂ ಆಸೆ ಇದೆಯೇ ಎಂದು ಪ್ರಶ್ನೆ ಅಕ್ಕನನ್ನು ಕೇಳಿದೆ. ಪೆನ್ಸಿಲಿನ ಪ್ರಶ್ನೆಯನ್ನು ಮುಂದಿನ ಫಾರಂನಲ್ಲಿ ಅಚ್ಚು ಹಾಕಿಸಬೇಕು ಎನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ಗ್ಲಾಸಿನ ಅಂಚಿನ ಸುತ್ತ ಬೆರಳಾಡಿಸಿದರು.

"ಫಾರಂ ತುಂಬಿದೋರಿಗೆಲ್ಲ ಆರು ತಿಂಗಳಿಗೊಂದ್ಸಲ ನಮ್ಮ ಆಫೀಸಿಂದ ಫೋನ್ ಹೋಗತ್ತೆ. ಮೊದಲನೇ ಪ್ರಶ್ನೆ, ವ್ಯಕ್ತಿ ಬದುಕಿದ್ದಾರೆಯೇ ಅಂತ. ಎಷ್ಟೋ ಮನೇಲಿ ಬೇರೆಯವ್ರು ಎತ್ತುತಾರೆ. ಎತ್ತಿದ ದನಿಯಲ್ಲೇ ನಂಗೆ ಗೊತ್ತಾಗಿಬಿಡತ್ತೆ." ಅಷ್ಟರಲ್ಲಿ ಒಳಕೋಣೆಗೆ ಹೋಗಿದ್ದ ಮಾವ ರೇಡಿಯೊ ಸಣ್ಣಗೆ ಮಾಡಿದ್ದು ಕೇಳಿಸಿತು. "ನಮ್ಮನೆಗೆ ಬರೋ ತಿಂಗಳು ಬರತ್ತೆ ಆ ಫೋನು. ಮಾವನೇ ಎತ್ತಬೇಕು. ಹುಡುಗಿ ಪೂರ್ತಿ ಕೇಳೋಕೆ ಮುಂಚೆನೇ, 'ಇದೀನಮ್ಮಾ, ಬರ್ಕೋ' ಅನ್ನಬೇಕು. ಅಷ್ಟೇ."